ವಿದೇಶದಲ್ಲಿ ಎಂಬಿಬಿಎಸ್ ಓದಿ ಪ್ಲಾಸ್ಟಿಕ್ ಸರ್ಜನ್ ಆಗಬಹುದೇ? ದಾರಿ, ಖರ್ಚು, ಕಾಗದಪತ್ರ

ನೀಟ್ ಫಲಿತಾಂಶ ಬಂದ ವಾರದಿಂದ ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ ಮಗ್ಗದ ಸದ್ದಿನ ನಡುವೆ ಇನ್ನೊಂದು ಮಾತು ಶುರುವಾಗುತ್ತದೆ. "ಜಾರ್ಜಿಯಾಕ್ಕ ಕಳಸೂಣೇನ್ರಿ? ಕಿರ್ಗಿಸ್ತಾನ ಸೋವಿ ಅಂತಾರಲ್ರಿ?" ಅದರ ಬೆನ್ನಿಗೇ ಇನ್ನೊಂದು: "ನಮ್ಮ ಹುಡುಗಿ ಪ್ಲಾಸ್ಟಿಕ್ ಸರ್ಜನ್ ಆಗ್ತೀನಿ ಅಂತಾಳ್ರಿ. ಹೊರಗ ಓದಿ ಬಂದ್ರ ಅದು ಆಗತೈತೇನ್ರಿ?"

ಆಗುತ್ತದೆ. ಕಾನೂನಿನ ಅಡ್ಡಿ ಇಲ್ಲ. ಆದರೆ ವಿದೇಶದ ಎಂಬಿಬಿಎಸ್ ಈ ದಾರಿಯ ಅರ್ಧವೂ ಅಲ್ಲ. ಹೆಚ್ಚಿನ ಭಾಗ ಇರುವುದು ಊರಿಗೆ ಮರಳಿದ ಮೇಲೆ. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಏಕೆಂದರೆ ಏಜೆಂಟರ ಕಮಿಷನ್ ವಿಮಾನ ಹತ್ತಿಸಿದ ದಿನಕ್ಕೇ ಮುಗಿದಿರುತ್ತದೆ. ಆದ್ದರಿಂದ ಇಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡೋಣ.

ಮೊದಲು, ಆ ಕೆಲಸ ಏನು? ಸಿನಿಮಾದವರ ಮೂಗು ನೆಟ್ಟಗೆ ಮಾಡುವುದು ಎಂದು ಅನೇಕರ ಲೆಕ್ಕ. ಅದು ಕಾಸ್ಮೆಟಿಕ್ ಸರ್ಜರಿ, ಅಂದರೆ ಅಂದ ಹೆಚ್ಚಿಸುವ ಶಸ್ತ್ರಚಿಕಿತ್ಸೆ. ಈ ವಿದ್ಯೆಯ ಒಂದು ಭಾಗ ಮಾತ್ರ. ಇನ್ನೊಂದು ಭಾಗ ರೀಕನ್‌ಸ್ಟ್ರಕ್ಟಿವ್ ಸರ್ಜರಿ: ಸುಟ್ಟ, ಹರಿದ, ಕಳೆದುಹೋದ ಅಂಗವನ್ನು ಮತ್ತೆ ಕಟ್ಟಿಕೊಡುವುದು. ನಮ್ಮ ಜಿಲ್ಲೆಗೆ ಬೇಕಾದದ್ದು ಇದೇ. ಪವರ್‌ಲೂಮ್‌ಗೆ ಸಿಕ್ಕ ಬೆರಳು, ಉದ್ಯಮಬಾಗದ ಕಾರ್ಖಾನೆಯ ಪ್ರೆಸ್‌ನಡಿ ಜಜ್ಜಿಹೋದ ಅಂಗೈ, ಕಬ್ಬಿನ ಗಾಣಕ್ಕೆ ಹೋದ ಕೈ, ಒಲೆಯ ಮುಂದೆ ಸುಟ್ಟುಕೊಂಡ ಕುತ್ತಿಗೆ. ಖಾನಾಪುರದ ಕಾಡಂಚಿನಲ್ಲಿ ಕರಡಿ ಮೈಮೇಲೆ ಬಿದ್ದರೆ ಅದು ಹೆಚ್ಚಾಗಿ ಹರಿಯುವುದು ಮುಖವನ್ನೇ. ಹುಟ್ಟಿನಿಂದಲೇ ಬರುವ ಸೀಳುತುಟಿ ಇದೆ. ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆಗಿ ದವಡೆ ತೆಗೆದವರಿದ್ದಾರೆ. ಅವರಿಗೆ ಮೊಣಕಾಲಿನ ಕೆಳಗಿನ ತೆಳು ಮೂಳೆಯ ತುಂಡು ತೆಗೆದು ಹೊಸ ದವಡೆ ಮಾಡುವವರು ಪ್ಲಾಸ್ಟಿಕ್ ಸರ್ಜನ್ನರೇ.

ಇದು ಹೇಗೆ ನಡೆಯುತ್ತದೆ? ಗಾಯ ಮೇಲುಮೇಲಿನದಾದರೆ ತೊಡೆಯಿಂದ ತೆಳುವಾದ ಚರ್ಮದ ಪದರ ತೆಗೆದು ಹಚ್ಚುತ್ತಾರೆ. ಇದು ಸ್ಕಿನ್ ಗ್ರಾಫ್ಟ್, ಚರ್ಮದ ಕಸಿ. ಈ ಪದರಕ್ಕೆ ತನ್ನದೇ ರಕ್ತನಾಳ ಇರುವುದಿಲ್ಲ. ಕೆಳಗಿನ ಗಾಯದಿಂದಲೇ ರಕ್ತ ಕುಡಿದು ಬದುಕಬೇಕು. ಮೂಳೆ, ಸ್ನಾಯುರಜ್ಜು ಬಯಲಾಗಿದ್ದರೆ ಅದು ಹಿಡಿಯುವುದಿಲ್ಲ. ಆಗ ಫ್ಲ್ಯಾಪ್ ಬೇಕು: ಚರ್ಮ, ಕೊಬ್ಬು, ಕೆಲವೊಮ್ಮೆ ಸ್ನಾಯು ಮೂಳೆಗಳನ್ನು ಅವುಗಳ ರಕ್ತನಾಳದ ಸಮೇತ ಸರಿಸಿ ತರುವುದು. ದೂರದಿಂದ ತರುವುದಾದರೆ ಆ ನಾಳವನ್ನು ಕತ್ತರಿಸಿ ಹೊಸ ಜಾಗದ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯಬೇಕು. ಇದು ಮೈಕ್ರೋಸರ್ಜರಿ. ಇದಕ್ಕೆ ಬಳಸುವ ಅತಿ ಸಣ್ಣ ದಾರ ನಮ್ಮ ತಲೆಗೂದಲಿಗಿಂತ ತೆಳು. ರೇಷ್ಮೆಯ ಎಳೆ ಕಡಿದಾಗ ಕಣ್ಣಲ್ಲಿ ಕಣ್ಣಿಟ್ಟು ಗಂಟು ಹಾಕುವ ನೇಕಾರರ ಮನೆಯ ಮಕ್ಕಳಿಗೆ ಈ ಕೆಲಸದ ತಾಳ್ಮೆ ಹೊಸದೇನಲ್ಲ.

ನಡುವೆ ಒಂದು ಮಾತು, ಮಗ್ಗ ಮತ್ತು ಕಾರ್ಖಾನೆ ಇರುವ ಓಣಿಯವರೆಲ್ಲ ತಿಳಿದಿರಬೇಕಾದದ್ದು. ಬೆರಳು ತುಂಡಾಗಿ ಬಿದ್ದರೆ ಅದನ್ನು ಎಸೆಯಬೇಡಿ. ನೇರವಾಗಿ ಐಸಿನಲ್ಲೂ ಹಾಕಬೇಡಿ. ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿ ಇಡಿ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು, ತಡಮಾಡದೆ ಮೈಕ್ರೋಸರ್ಜರಿ ಇರುವ ಆಸ್ಪತ್ರೆಗೆ ಹೋಗಿ. ಹೊರಡುವ ಮುಂಚೆ ಫೋನ್ ಮಾಡಿ ಸರ್ಜನ್ ಇದ್ದಾರೆಯೇ ಎಂದು ಕೇಳಿಕೊಳ್ಳಿ.

ಈ ವಿದ್ಯೆಗೂ ನಮ್ಮ ನೆಲಕ್ಕೂ ಹಳೆಯ ನಂಟಿದೆ. 1792ರ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಎತ್ತಿನ ಗಾಡಿಯವನಾಗಿದ್ದ ಕೌಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಆಮೇಲೆ ಪುಣೆ ಕಡೆಯ ಒಬ್ಬ ನಾಟಿ ವೈದ್ಯ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಆ ವರದಿ 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್'ನಲ್ಲಿ ಚಿತ್ರಸಮೇತ ಅಚ್ಚಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅದೇ ವಿಧಾನವನ್ನು ಲಂಡನ್ನಿನಲ್ಲಿ ಮಾಡಿದ. ಹಣೆಯ ಫ್ಲ್ಯಾಪ್ ಇಂದಿಗೂ ಬಳಕೆಯಲ್ಲಿದೆ.

ಈಗ ಓದಿನ ವಿಷಯ. ಭಾರತದಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಲು ಸಾಮಾನ್ಯವಾಗಿ ಮೂರು ಮೆಟ್ಟಿಲು: ಎಂಬಿಬಿಎಸ್, ಆಮೇಲೆ ಮೂರು ವರ್ಷದ ಎಂ.ಎಸ್. ಜನರಲ್ ಸರ್ಜರಿ, ಆಮೇಲೆ ಮೂರು ವರ್ಷದ ಎಂ.ಸಿಎಚ್. ಪ್ಲಾಸ್ಟಿಕ್ ಸರ್ಜರಿ. ವಿದೇಶದಲ್ಲಿ ಓದಿದವರಿಗೆ ಮೊದಲ ಮತ್ತು ಎರಡನೆಯ ಮೆಟ್ಟಿಲಿನ ನಡುವೆ ಇನ್ನೊಂದು ಬಾಗಿಲಿದೆ: ಎಫ್‌ಎಂಜಿಇ. ವಿದೇಶಿ ಪದವಿ ತಂದವರು ಇಲ್ಲಿ ವೈದ್ಯಕೀಯ ನಡೆಸಲು ಯೋಗ್ಯರೇ ಎಂದು ನೋಡುವ ಪರೀಕ್ಷೆ ಇದು. ಒಂದೊಂದಾಗಿ ನೋಡೋಣ.

ಹೊರಡುವ ಮುಂಚಿನ ಲೆಕ್ಕವೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಇಲ್ಲಿ ತಪ್ಪಿದರೆ ಆಮೇಲೆ ಸರಿಪಡಿಸಲು ಬರುವುದಿಲ್ಲ. ವಿದೇಶಕ್ಕೆ ಹೋಗುವುದಾದರೂ ನೀಟ್-ಯುಜಿಯಲ್ಲಿ ಅರ್ಹರಾಗಲೇಬೇಕು. "ಅಲ್ಲಿ ನೀಟ್ ಬೇಡ" ಎನ್ನುವ ಏಜೆಂಟರ ಮಾತು ಅರ್ಧ ನಿಜ. ಆ ದೇಶಕ್ಕೆ ಬೇಡದಿರಬಹುದು, ಮರಳಿ ಬಂದಾಗ ಭಾರತಕ್ಕೆ ಬೇಕು. ಇನ್ನು ಕಾಲೇಜಿನ ಆಯ್ಕೆ. ನ್ಯಾಷನಲ್ ಮೆಡಿಕಲ್ ಕಮಿಷನ್, ಅಂದರೆ ವೈದ್ಯಶಿಕ್ಷಣವನ್ನು ನಿಯಂತ್ರಿಸುವ ಎನ್‌ಎಂಸಿ, 2021ರ ನವೆಂಬರ್ 18ರಂದು ವಿದೇಶಿ ಪದವೀಧರರಿಗಾಗಿ ನಿಯಮ ಹೊರಡಿಸಿತು. ಅದರ ಪ್ರಕಾರ ಓದು ಕನಿಷ್ಠ 54 ತಿಂಗಳದ್ದಾಗಿರಬೇಕು. ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಆಸ್ಪತ್ರೆಯಲ್ಲಿ ಕೈಯಾರೆ ಕೆಲಸ ಕಲಿಯುವ ಅವಧಿ, ಮುಗಿಸಬೇಕು. ಪಾಠ ಇಂಗ್ಲಿಷಿನಲ್ಲೇ ನಡೆಯಬೇಕು. ಆ ದೇಶದವರಿಗೆ ಸಿಗುವಂಥದೇ ವೈದ್ಯ ಲೈಸೆನ್ಸ್ ಪಡೆಯುವ ಅರ್ಹತೆ ನಿಮ್ಮ ಮಗುವಿಗೂ ಅಲ್ಲಿ ಇರಬೇಕು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು.

ಇದರಲ್ಲಿ ಪೋಷಕರು ಎಡವುವುದು ಎರಡು ಕಡೆ. ನಾಲ್ಕು ವರ್ಷದ ವೈದ್ಯಪದವಿ 48 ತಿಂಗಳಾಯಿತು, 54 ಅಲ್ಲ. ಅದಕ್ಕೆ ಮುಂಚಿನ ವಿಜ್ಞಾನ ಪದವಿಯನ್ನು ಸೇರಿಸಿ ಲೆಕ್ಕ ತುಂಬಿಸಲಾಗದು. ಎರಡನೆಯದು, "ಮೊದಲ ವರ್ಷ ಇಲ್ಲಿ ಓದ್ರಿ, ಆಮೇಲೆ ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಮಾಡಿಸ್ತೀವಿ" ಎಂಬ ಭರವಸೆ. ಇಡೀ ಓದು ಒಂದೇ ಸಂಸ್ಥೆಯಲ್ಲಿ ಆಗಬೇಕೆಂದು ನಿಯಮ ಹೇಳುತ್ತದೆ. ಆದ್ದರಿಂದ ಏಜೆಂಟರಿಗೆ ಹಾಸ್ಟೆಲ್ಲಿನಲ್ಲಿ ಇಂಡಿಯನ್ ಊಟ ಸಿಗುತ್ತದೆಯೇ ಎಂದು ಕೇಳುವ ಮುಂಚೆ, ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಈ ನಾಲ್ಕು ಮಾತು ಬರೆಸಿಕೊಡಿ ಎನ್ನಿ: ಎಷ್ಟು ತಿಂಗಳು, ಇಂಟರ್ನ್‌ಶಿಪ್ ಎಲ್ಲಿ, ಯಾವ ಭಾಷೆ, ಲೈಸೆನ್ಸ್ ಹೇಗೆ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಬಿಡಿ.

ದೇಶದ ಪರಿಸ್ಥಿತಿಯನ್ನೂ ತೂಗಿ ನೋಡಬೇಕು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆ ಚಳಗೇರಿಯ ನವೀನ್ ಗ್ಯಾನಗೌಡರ್ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದದ್ದನ್ನು ಉತ್ತರ ಕರ್ನಾಟಕ ಮರೆತಿಲ್ಲ. ಆತ ಅಲ್ಲಿ ಎಂಬಿಬಿಎಸ್ ಓದುತ್ತಿದ್ದ. ಅವನ ದೇಹವನ್ನು ತಂದೆತಾಯಿ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಬದುಕಿ ಬಂದ ಉಕ್ರೇನ್ ವಿದ್ಯಾರ್ಥಿಗಳೂ, ಕೋವಿಡ್‌ನಲ್ಲಿ ಚೀನಾಕ್ಕೆ ಮರಳಲಾಗದವರೂ ಆನ್‌ಲೈನ್ ಪಾಠದ ತೊಡಕಿನಲ್ಲಿ ಸಿಕ್ಕಿಕೊಂಡರು. ಮೊಬೈಲಿನಲ್ಲಿ ನೋಡಿದ ಕ್ಲಿನಿಕಲ್ ಪಾಠವನ್ನು, ಅಂದರೆ ರೋಗಿಯ ಮುಂದೆ ನಿಂತು ಕಲಿಯಬೇಕಾದ ಪಾಠವನ್ನು, ಎನ್‌ಎಂಸಿ ಪೂರ್ತಿ ಒಪ್ಪಲಿಲ್ಲ. ಅನೇಕರು ಒಂದರ ಬದಲು ಎರಡು ಮೂರು ವರ್ಷ ಇಂಟರ್ನ್‌ಶಿಪ್ ಮಾಡಬೇಕಾಯಿತು. ನನಗನಿಸುವಂತೆ ಇದು ಕಠಿಣವಾದರೂ ಅನ್ಯಾಯವಲ್ಲ. ಸರ್ಜನ್ ಆಗುವವರಿಗಂತೂ ಅಲ್ಲ.

ಬೆಳಗಾವಿಯ ಮಟ್ಟಿಗೆ ಇಲ್ಲೊಂದು ವಿಚಿತ್ರವೂ ಇದೆ. ಮಲೇಷ್ಯಾದ ಒಂದು ವಿಶ್ವವಿದ್ಯಾಲಯ ಕೆಎಲ್‌ಇ ಶಿಕ್ಷಣ ಸಂಸ್ಥೆಯ ಜೊತೆ ಸೇರಿ ನೆಹರು ನಗರದಲ್ಲಿ ತನ್ನ ದೇಶದ ಮಕ್ಕಳಿಗೆ ವೈದ್ಯಶಿಕ್ಷಣ ಕೊಟ್ಟಿದೆ. ಅವರು ಸಮುದ್ರ ದಾಟಿ ಇಲ್ಲಿಗೆ ಬರುತ್ತಾರೆ, ನಮ್ಮವರು ಸೀಟು ಸಿಗದೆ, ಸಿಕ್ಕರೂ ದುಡ್ಡು ಸಾಲದೆ ಆಚೆ ಹೋಗುತ್ತಾರೆ.

ಓದು ಮುಗಿಸಿ ಬಂದರೆಂದು ಇಟ್ಟುಕೊಳ್ಳಿ. ಮುಂದಿನ ಬಾಗಿಲು ಎಫ್‌ಎಂಜಿಇ. ದೆಹಲಿಯ ಎನ್‌ಬಿಇಎಂಎಸ್, ಅಂದರೆ ವೈದ್ಯಪರೀಕ್ಷೆಗಳ ರಾಷ್ಟ್ರೀಯ ಮಂಡಳಿ, ಇದನ್ನು ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರಿನಲ್ಲಿ ನಡೆಸುತ್ತದೆ. 300 ಪ್ರಶ್ನೆ, 150 ಅಂಕ ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಕೇಳಲು ಸುಲಭ. ಆದರೆ ಅನೇಕ ಸಲ ಪಾಸಾಗುವುದು ನಾಲ್ಕೈದು ಜನರಲ್ಲಿ ಒಬ್ಬರು. ಕಾರಣ ಗುಟ್ಟೇನಲ್ಲ. ಅಲ್ಲಿನ ಪಾಠಕ್ರಮ ಬೇರೆ, ರೋಗಿಗಳ ಜೊತೆ ಮಾತಾಡಲು ಭಾಷೆ ಬರದು, ಕೊನೆಯ ವರ್ಷದವರೆಗೆ ಈ ಪರೀಕ್ಷೆಯ ನೆನಪೇ ಇರುವುದಿಲ್ಲ. ಮೂರನೆಯ ವರ್ಷದಿಂದಲೇ ಭಾರತದ ಪುಸ್ತಕ ಓದಲು ಶುರು ಮಾಡಿದವರಿಗೆ ಹೊರೆ ಕಡಿಮೆ. ಸುದ್ದಿಯಲ್ಲಿ ಬರುವ ನೆಕ್ಸ್ಟ್ ಎಂಬ ಹೊಸ ಪರೀಕ್ಷೆ ಜಾರಿಗೆ ಬಂದರೆ ಎಫ್‌ಎಂಜಿಇ ಮತ್ತು ಸ್ನಾತಕೋತ್ತರ ಪ್ರವೇಶದ ನೀಟ್-ಪಿಜಿ ಎರಡರ ಜಾಗವನ್ನೂ ಅದೇ ತುಂಬುತ್ತದೆ. ಅದು ಬರುವ ತನಕ ಹಳೆಯವೇ.

ಪಾಸಾದ ಮೇಲೆ ಬೆಂಗಳೂರು ವಸಂತನಗರದ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ, ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. "ಅಲ್ಲಿ ಒಂದು ವರ್ಷ ಮಾಡ್ಯಾರಲ್ರಿ, ಮತ್ತ್ಯಾಕ?" ಎನ್ನಬಹುದು. ಹೌದು, 2021ರ ನಿಯಮದಂತೆ ಎರಡೂ ಕಡ್ಡಾಯ. ಕಾಲೇಜುಗಳು ತಮ್ಮ ಸೀಟಿನ ಮೇಲೆ ಶೇ 7.5ರಷ್ಟು ವಿದೇಶಿ ಪದವೀಧರರನ್ನು ತೆಗೆದುಕೊಳ್ಳಬಹುದು. ಇದಕ್ಕೆ ಶುಲ್ಕ ಕೇಳಬಾರದು, ಇಲ್ಲಿಯ ಇಂಟರ್ನ್‌ಗಳಷ್ಟೇ ಸ್ಟೈಪೆಂಡ್, ಅಂದರೆ ತಿಂಗಳ ಭತ್ಯೆ, ಕೊಡಬೇಕು ಎಂದು ಎನ್‌ಎಂಸಿ 2022ರಲ್ಲೇ ಹೇಳಿದೆ. ಯಾರಾದರೂ ದುಡ್ಡು ಕೇಳಿದರೆ ಈ ಸುತ್ತೋಲೆಯನ್ನು ಮುಂದಿಡಿ. ನಮ್ಮ ಊರಿನಲ್ಲಿ 2005ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಇದೆ, ಜಿಲ್ಲಾಸ್ಪತ್ರೆ ಅದಕ್ಕೇ ಸೇರಿದ್ದು. 1963ರ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜೂ ಇದೆ. ಸರ್ಜನ್ ಆಗಬೇಕೆನ್ನುವವರು ಈ ವರ್ಷವನ್ನು ಬರೀ ಓದಿಗೆ ಉಳಿಸಿಕೊಳ್ಳದೆ ತುರ್ತುವಿಭಾಗದಲ್ಲಿ ಹೊಲಿಗೆ ಹಾಕುವುದರಲ್ಲಿ ಕಳೆದರೆ ಒಳ್ಳೆಯದು. ಸುಟ್ಟಗಾಯದ ವಾರ್ಡಿನಲ್ಲಿ ಒಂದು ತಿಂಗಳು ನಿಂತರೆ ಈ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಎಂಬುದು ಗೊತ್ತಾಗುತ್ತದೆ.

ಇಂಟರ್ನ್‌ಶಿಪ್ ಮುಗಿದು ಕಾಯಂ ನೋಂದಣಿಯಾದ ಮೇಲೆ ನೀವು ಎಲ್ಲಿ ಓದಿದಿರಿ ಎಂದು ಯಾರೂ ಕೇಳುವುದಿಲ್ಲ. ನೀಟ್-ಪಿಜಿ ಎಲ್ಲರಿಗೂ ಒಂದೇ: 200 ಪ್ರಶ್ನೆ, 800 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಸರ್ಕಾರಿ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾದಲ್ಲಿ ದೆಹಲಿಯ ಎಂಸಿಸಿ, ಅಂದರೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ, ಮೂಲಕ ಹಂಚಿಕೆಯಾಗುತ್ತವೆ, ಉಳಿದವನ್ನು ರಾಜ್ಯದಲ್ಲಿ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಹಂಚುತ್ತದೆ. ಇಲ್ಲಿ ಜನರಲ್ ಸರ್ಜರಿ ಹಿಡಿಯಬೇಕು. ಎಂ.ಎಸ್. ಸಿಗದಿದ್ದರೆ ಡಿಎನ್‌ಬಿ ಜನರಲ್ ಸರ್ಜರಿ ಇದೆ. ಅದು ಎನ್‌ಬಿಇಎಂಎಸ್ ಕೊಡುವ ಸಮಾನ ಪದವಿ, ಓದು ದೊಡ್ಡ ಆಸ್ಪತ್ರೆಗಳಲ್ಲಿ. ವರ್ಷದ ಶುಲ್ಕ ಸುಮಾರು ಒಂದೂಕಾಲು ಲಕ್ಷ, ಮೇಲೆ ಸ್ಟೈಪೆಂಡ್. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟು ಮೂರು ವರ್ಷಕ್ಕೆ ಕೋಟಿಯ ಹತ್ತಿರ ಹೋಗುವ ಕಾಲದಲ್ಲಿ, ನೇಕಾರರ ಮನೆಯ ಮಕ್ಕಳಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಹೆಚ್ಚು ಜನರಿಗೆ ತಿಳಿಯದ ಒಂದು ಅಡ್ಡದಾರಿ ಇದೆ, ನ್ಯಾಯವಾದದ್ದೇ. ಅದೇ ಎನ್‌ಬಿಇಎಂಎಸ್ ಎಂಬಿಬಿಎಸ್ ಆದ ಮೇಲೆ ನೇರವಾಗಿ ಆರು ವರ್ಷದ ಡಾಕ್ಟರೇಟ್ ಆಫ್ ನ್ಯಾಷನಲ್ ಬೋರ್ಡ್, ಅಂದರೆ ಡಿಆರ್‌ಎನ್‌ಬಿ, ಪ್ಲಾಸ್ಟಿಕ್ ಸರ್ಜರಿ ಕೋರ್ಸ್ ನಡೆಸುತ್ತದೆ. ಪ್ರವೇಶ ನೀಟ್-ಪಿಜಿ ರ‍್ಯಾಂಕಿನಿಂದಲೇ. ನಡುವೆ ಇನ್ನೊಂದು ಪ್ರವೇಶ ಪರೀಕ್ಷೆ ಇಲ್ಲ. ಸೀಟು ಬೆರಳೆಣಿಕೆಯಷ್ಟು. ಆದರೆ ಮನಸ್ಸು ಗಟ್ಟಿಯಾಗಿದ್ದವರು ಕೌನ್ಸೆಲಿಂಗ್ ಪಟ್ಟಿಯಲ್ಲಿ ಇದನ್ನು ಬಿಡದೆ ಸೇರಿಸಬೇಕು. ಒಂದೇ ತೊಂದರೆ: ನಡುವೆ ಮನಸ್ಸು ಬದಲಾದರೆ ಕೈಯಲ್ಲಿ ಜನರಲ್ ಸರ್ಜರಿ ಪದವಿಯೂ ಇರುವುದಿಲ್ಲ.

ಎಂ.ಎಸ್. ದಾರಿಯಲ್ಲಿ ಬಂದವರಿಗೆ ಕೊನೆಯ ಬಾಗಿಲು ಎಂ.ಸಿಎಚ್. ಪ್ರವೇಶ ಪರೀಕ್ಷೆಯಾದ ನೀಟ್-ಎಸ್‌ಎಸ್. 150 ಪ್ರಶ್ನೆ, 600 ಅಂಕ. ಹಂಚಿಕೆ ದೇಶಮಟ್ಟದಲ್ಲಿ. ಯುರಾಲಜಿ, ಸರ್ಜಿಕಲ್ ಗ್ಯಾಸ್ಟ್ರೋ, ಕ್ಯಾನ್ಸರ್ ಸರ್ಜರಿ, ಪ್ಲಾಸ್ಟಿಕ್ ಸರ್ಜರಿ, ಎಲ್ಲವನ್ನೂ ಬಯಸುವ ಸರ್ಜನ್ನರು ಒಂದೇ ಪಟ್ಟಿಯಲ್ಲಿ ಓಡುತ್ತಿರುತ್ತಾರೆ. ಪ್ಲಾಸ್ಟಿಕ್ ಸರ್ಜರಿಗೆ ಈಚೆಗೆ ಬೇಡಿಕೆ ಜಾಸ್ತಿ. ಕರ್ನಾಟಕದಲ್ಲಿ ಎಂ.ಸಿಎಚ್. ಓದಲು ಬೆಂಗಳೂರು ಮೆಡಿಕಲ್ ಕಾಲೇಜು, ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿಯಂಥವು ಇವೆ. ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಿಭಾಗಕ್ಕೆ ರಾಜ್ಯದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಅಲ್ಲಿ ಮೂರು ವರ್ಷ ಕಳೆದವರ ಕೈ ಪಳಗುತ್ತದೆ.

ಲೆಕ್ಕ ಹಾಕಿ. ಹದಿನೆಂಟಕ್ಕೆ ಹೊರಟವರು ಓದು ಮತ್ತು ಅಲ್ಲಿಯ ಇಂಟರ್ನ್‌ಶಿಪ್ ಮುಗಿಸುವಾಗ ಇಪ್ಪತ್ನಾಲ್ಕು. ಎಫ್‌ಎಂಜಿಇ ಮತ್ತು ಇಲ್ಲಿಯ ಇಂಟರ್ನ್‌ಶಿಪ್ ಆಗುವಾಗ ಇಪ್ಪತ್ತಾರು. ಪ್ರವೇಶ ಪರೀಕ್ಷೆಗಳಿಗೆ ಒಂದೆರಡು ವರ್ಷ ಹಿಡಿದರೆ, ಪ್ಲಾಸ್ಟಿಕ್ ಸರ್ಜನ್ ಎಂಬ ಫಲಕ ಹಾಕುವಾಗ ಮೂವತ್ನಾಲ್ಕರ ಹತ್ತಿರ. "ಹುಡುಗಿ ಲಗ್ನ ಯಾವಾಗ ಮಾಡೂದ್ರಿ?" ಎಂದು ಅಜ್ಜಿಯರು ಕೇಳುತ್ತಾರೆ. ಓದಿನ ನಡುವೆ ಮದುವೆಯಾಗಿ ಮಕ್ಕಳನ್ನೂ ಹೆತ್ತು ಸರ್ಜನ್ ಆದವರಿದ್ದಾರೆ. ಆದರೆ ಗಂಡಿನ ಮನೆಯವರಿಗೆ ಈ ವರ್ಷಗಳ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನು ದುಡ್ಡು. ಮಧ್ಯ ಏಷ್ಯಾದ ದೇಶಗಳಲ್ಲಿ ಶುಲ್ಕ, ಹಾಸ್ಟೆಲ್, ಊಟ, ವಿಮಾನ ಸೇರಿ ಇಡೀ ಓದಿಗೆ ಅಂದಾಜು 20ರಿಂದ 30 ಲಕ್ಷ. ಜಾರ್ಜಿಯಾದಂಥ ಕಡೆ 30 ಲಕ್ಷದ ಮೇಲೆ. ಇಲ್ಲಿಯ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಶುಲ್ಕವೇ 15 ಲಕ್ಷ ದಾಟುವುದುಂಟು, ಆದ್ದರಿಂದ ಹೊರಗಿನದು ಅಗ್ಗವೆನಿಸುತ್ತದೆ. ಆದರೆ ಅಲ್ಲಿಯ ಲೆಕ್ಕಕ್ಕೆ ಡಾಲರ್ ಏರಿಕೆ, ವೀಸಾ ನವೀಕರಣ, ಮರಳಿದ ಮೇಲಿನ ಕೋಚಿಂಗ್, ಪಾಸಾಗದೆ ಮನೆಯಲ್ಲಿ ಕೂತ ತಿಂಗಳುಗಳನ್ನೂ ಸೇರಿಸಿ. ಸಾಲ ತೆಗೆಯುವವರಿಗೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ಏಳೂವರೆ ಲಕ್ಷದ ಮೇಲಿನ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಮನೆ ಅಥವಾ ಜಮೀನಿನ ಅಡಮಾನ ಕೇಳುತ್ತಾರೆ. ಮಗ್ಗದ ಮನೆಯನ್ನೇ ಅಡವಿಡುವುದಾದರೆ ನಾನು ಒಂದೇ ಮಾತು ಹೇಳುತ್ತೇನೆ: ಇಲ್ಲೇ ಒಂದು ವರ್ಷ ನೀಟ್‌ಗೆ ಮತ್ತೆ ಕೂತು ಸರ್ಕಾರಿ ಸೀಟಿಗೆ ಪ್ರಯತ್ನಿಸಿ ನೋಡಿ. ಹದಿನಾರು ವರ್ಷದ ದಾರಿಯಲ್ಲಿ ಒಂದು ವರ್ಷ ದೊಡ್ಡದಲ್ಲ. ಎಂ.ಎಸ್. ಮತ್ತು ಎಂ.ಸಿಎಚ್. ಕಾಲದಲ್ಲಿ ಸ್ಟೈಪೆಂಡ್ ಬರುತ್ತದೆ, ಮನೆಯಿಂದ ಕೇಳುವುದು ಆಗ ನಿಲ್ಲುತ್ತದೆ. ಸರ್ಕಾರಿ ಸೀಟಿಗೆ ಸೇವೆಯ ಬಾಂಡ್ ಇರಬಹುದು, ಸಹಿ ಮಾಡುವ ಮುಂಚೆ ಓದಿ.

"ಹೊರಗ ಓದಿದ ಮ್ಯಾಲ ಅಮೆರಿಕಾಕ್ಕೇ ಹೋಗಿ ಸರ್ಜನ್ ಆಗಬಹುದಲ್ರಿ?" ಸಾಧ್ಯ, ಆದರೆ ಅಲ್ಲಿ ಆರು ವರ್ಷದ ಪ್ಲಾಸ್ಟಿಕ್ ಸರ್ಜರಿ ತರಬೇತಿಗೆ ಸ್ಪರ್ಧೆ ಭಾರಿ, ವಿದೇಶಿ ಪದವೀಧರರಿಗೆ ಸಿಗುವುದು ಅಪರೂಪ. ಬ್ರಿಟನ್ನಿನಲ್ಲಿ ಎರಡು ವರ್ಷದ ಕೋರ್ ಸರ್ಜರಿ ತರಬೇತಿಯ ಮೇಲೆ ಆರು ವರ್ಷದ ಹೆಚ್ಚಿನ ತರಬೇತಿ, ಕೊನೆಗೆ ಎಫ್‌ಆರ್‌ಸಿಎಸ್. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳಲ್ಲಿ ತಜ್ಞರಾಗಿ ನೋಂದಣಿಯಾಗಲು ಒಪ್ಪುವ ಸ್ನಾತಕೋತ್ತರ ಪದವಿಗೆ ಭಾರತದಲ್ಲೂ ಮನ್ನಣೆ ಇದೆ. ಬೇರೆ ದೇಶದ ತಜ್ಞ ಪದವಿ ತಂದರೆ ಆ ಸೌಲಭ್ಯ ಇಲ್ಲ. ಎಂಬಿಬಿಎಸ್ ಮಾಡಿದ ದೇಶದಲ್ಲೇ "ಸರ್ಜರಿಯೂ ಮಾಡಿಸ್ತೀವಿ" ಎನ್ನುವವರ ಮಾತಿಗೆ ಮರುಳಾಗುವ ಮುಂಚೆ ಇದನ್ನು ನೆನಪಿಡಿ.

ಇನ್ನೊಂದು ಎಚ್ಚರ. ಆರು ತಿಂಗಳ 'ಕಾಸ್ಮೆಟಾಲಜಿ ಫೆಲೋಶಿಪ್' ಮಾಡಿ ಕೂದಲು ನೆಡುವ ಕ್ಲಿನಿಕ್ ತೆರೆಯುವುದು ಪ್ಲಾಸ್ಟಿಕ್ ಸರ್ಜರಿ ಅಲ್ಲ. ಕೂದಲು ಕಸಿಯಂಥ ಸೌಂದರ್ಯ ಚಿಕಿತ್ಸೆಗಳನ್ನು ಯಾರು ಮಾಡಬಹುದು ಎಂದು ಎನ್‌ಎಂಸಿ 2022ರಲ್ಲೇ ಸೂಚಿಸಿದೆ: ಸರಿಯಾದ ಶಸ್ತ್ರಚಿಕಿತ್ಸೆ ಅಥವಾ ಚರ್ಮರೋಗ ತರಬೇತಿ ಪಡೆದವರು. ಯೂಟ್ಯೂಬ್ ನೋಡಿ ಕಲಿತವರಲ್ಲ ಎಂಬುದನ್ನೂ ಅದು ಬಿಡಿಸಿಯೇ ಹೇಳಿದೆ.

ಎಂ.ಸಿಎಚ್. ಕೈಗೆ ಬಂದ ದಿನವೇ ಕೆಲಸ ಮುಗಿಯಲಿಲ್ಲ. ಆ ಪದವಿಯನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಬೇಕು. ಐದು ವರ್ಷಕ್ಕೊಮ್ಮೆ ನವೀಕರಣ ಬೇಕು, ಅದಕ್ಕೆ ಮುಂದುವರಿದ ಕಲಿಕೆಯ ಗಂಟೆಗಳ ಲೆಕ್ಕ ತೋರಿಸಬೇಕು.

ಈ ಎಲ್ಲ ಮೆಟ್ಟಿಲಿನಲ್ಲೂ ಹಳೆಯ ಕಾಗದ ಕೇಳುತ್ತಾರೆ, ಆದ್ದರಿಂದ ಹೋಗುವ ದಿನದಿಂದಲೇ ಒಂದು ಫೈಲ್ ಮಾಡಿ. ಹತ್ತನೆಯ ಮತ್ತು ಪಿಯುಸಿ ಅಂಕಪಟ್ಟಿ, ನೀಟ್ ಸ್ಕೋರ್‌ಕಾರ್ಡ್, ಎನ್‌ಎಂಸಿಯ ಎಲಿಜಿಬಿಲಿಟಿ ಸರ್ಟಿಫಿಕೇಟ್, ಕಾಲೇಜಿನ ಪ್ರವೇಶ ಪತ್ರ, ಪ್ರತಿ ವರ್ಷದ ಅಂಕಪಟ್ಟಿ, ಇಂಟರ್ನ್‌ಶಿಪ್ ಪ್ರಮಾಣಪತ್ರ ಅದರಲ್ಲಿರಲಿ. ವಿದ್ಯಾರ್ಥಿ ನಿಜವಾಗಿ ಆ ದೇಶದಲ್ಲಿದ್ದನೇ ಎಂದು ನೋಡಲು ಪಾಸ್‌ಪೋರ್ಟಿನ ಹೋಗಿಬಂದ ಮುದ್ರೆಗಳ ಪುಟಗಳನ್ನೂ ಕೇಳುತ್ತಾರೆ. ಪಾಸ್‌ಪೋರ್ಟ್ ನವೀಕರಿಸಿದಾಗ ಹಳೆಯದನ್ನು ಎಸೆಯದೆ ಅದೇ ಫೈಲಿನಲ್ಲಿಡಿ.